ಅಂಚು ಮಡಚುವ ಚಂಪಕ್ಕ

ಚಂಪಕ್ಕ ಮನುಷ್ಯರನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತಾಳೆ. ಎದುರಿಗೆ ಬಂದವರು ತಹಶೀಲ್ದಾರರಾಗಿರಲಿ, ಮೀನಿನ ಬುಟ್ಟಿ ಹೊತ್ತ ಗಂಗೂ ಆಗಿರಲಿ, ಆಕೆಯ ದೃಷ್ಟಿ ಮೊದಲು ಇಳಿಯುವುದು ಪ್ಯಾಂಟಿನ ತುದಿಗೆ, ಸೀರೆಯ ಕೆಳ ಅಂಚಿಗೆ. ಅಲ್ಲಿ ಒಂದು ನೂಲೂ ಸಡಿಲವಾಗಿಲ್ಲವೆಂದು ಖಾತ್ರಿಯಾದ ಮೇಲೆಯೇ ಅದು ಸಾವಕಾಶವಾಗಿ ಮುಖದವರೆಗೆ ಏರುವುದು, ಆಮೇಲೆಯೇ ಕುಶಲಪ್ರಶ್ನೆ. ನೂಲು ಸಡಿಲವಾಗಿತ್ತೋ, ಕುಶಲವೂ ಇಲ್ಲ, ಪ್ರಶ್ನೆಯೂ ಇಲ್ಲ. ಅಂಕೋಲೆಯ ಬಸ್ ನಿಲ್ದಾಣದಲ್ಲಿ, ನೂರು ಜನರ ನಡುವೆ, ಕಾಲೇಜಿನಲ್ಲಿ ಪಾಠ ಹೇಳುವ ನನ್ನಂಥ ಗಂಭೀರ ಮನುಷ್ಯನನ್ನು ಕಂಬಕ್ಕೆ ಒರಗಿಸಿ ನಿಲ್ಲಿಸಿ, ಪ್ಯಾಂಟಿನ ಕಾಲನ್ನು ಎತ್ತಿ ಹಿಡಿದು ಸೂಜಿ ಹಾಕಿದವಳು ಈಕೆ. ನನ್ನ ಬಸ್ಸು ಹೋಯಿತು, ಹೊಲಿಗೆ ಇವತ್ತಿಗೂ ಗಟ್ಟಿಯಾಗಿದೆ.

ಅಂಕೋಲೆಯ ಬೊಬ್ರುವಾಡ ಕೇರಿಯಲ್ಲಿ ರಸ್ತೆಗೆ ಮುಖ ಮಾಡಿದ ಒಂದು ಕೋಣೆ ಆಕೆಯ ಅಂಗಡಿ. ಅರವತ್ತು ದಾಟಿದ ಜೀವ. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದದ್ದರಿಂದಲೋ ಏನೋ, ನಡೆಯುವಾಗಲೂ ಪಾದಗಳು ನೆಲವನ್ನು ತುಳಿಯುತ್ತ, ಒತ್ತುತ್ತ, ಒಂದು ಲೆಕ್ಕಕ್ಕೆ ಬಿದ್ದು ಸಾಗುತ್ತವೆ. ಗಂಡ ಕೈಗಾದ ನೌಕರರ ಬಸ್ಸಿಗೆ ಡ್ರೈವರ್ ಆಗಿದ್ದವನು, ತೀರಿಕೊಂಡು ಹನ್ನೊಂದು ವರ್ಷ. ಅವನ ಖಾಕಿ ಕೋಟಿನ ತೋಳು ಕತ್ತರಿಸಿ, ಒಳಗೂ ಹೊರಗೂ ಕಿಸೆಗಳನ್ನು ಹಚ್ಚಿ, ಸೀರೆಯ ಮೇಲೆ ಅದನ್ನೇ ತೊಟ್ಟು ತಿರುಗುತ್ತಾಳೆ. ವೈಶಾಖದ ಉರಿಸೆಕೆಯಲ್ಲೂ ಆ ಕೋಟು ಮೈಯಿಂದ ಇಳಿಯುವುದಿಲ್ಲ. ಕಿಸೆಗಳಲ್ಲಿ ಎಂಟು ಬಣ್ಣದ ನೂಲು, ಪಿನ್ನು, ಸೀಮೆಸುಣ್ಣ, ಮತ್ತು ಯಾವಾಗಲೂ ನಾಲ್ಕೈದು ಒಣ ಹುಲ್ಲುಕಡ್ಡಿ. ಮೈಮೇಲಿದ್ದ ಬಟ್ಟೆಗೆ ಹೊಲಿಗೆ ಹಾಕುವಾಗ ಉಟ್ಟವರ ಹಲ್ಲಿನ ನಡುವೆ ಹುಲ್ಲುಕಡ್ಡಿ ಇರಲೇಬೇಕೆಂಬುದು ಅವರ ಮನೆಯ ಶಾಸ್ತ್ರ. ಇಲ್ಲದಿದ್ದರೆ ಆಯುಷ್ಯಕ್ಕೇ ಹೊಲಿಗೆ ಬೀಳುತ್ತದಂತೆ. ನಮ್ಮ ಕೇರಿಯ ಬೊಮ್ಮಯ್ಯನ ಮಗ ಉಮೇಶನ ಮದುವೆಯಲ್ಲಿ ಮಂಟಪದ ಮೆಟ್ಟಿಲ ಮೇಲೆಯೇ ಮದುಮಗನ ಶಲ್ಯದ ತುದಿ ಬಿಚ್ಚಿಕೊಂಡದ್ದು ಈಕೆಯ ಕಣ್ಣಿಗೆ ಬಿತ್ತು. ಹಾಗಾಗಿ ಆ ಮದುವೆಯ ಅತ್ಯುತ್ತಮ ಛಾಯಾಚಿತ್ರದಲ್ಲಿ ಬಾಸಿಂಗ ಕಟ್ಟಿದ ವರಮಹಾಶಯ ಬಾಯಲ್ಲಿ ಹುಲ್ಲು ಕಚ್ಚಿ ನಿಂತಿದ್ದಾನೆ. "ಹುಲ್ಲು ಕಚ್ಚಿದ್ರೆ ಎಂತಾಯ್ತು, ಸಂಸಾರ ಚಂದ ನಡೀತದೆ, ಸುಳ್ಳಾ?" ಎಂದು ಚಂಪಕ್ಕ ಕೇಳುತ್ತಾಳೆ. ಎಲ್ಲ ಮಾತಿನ ಕೊನೆಗೂ ಆಕೆಗೆ ಒಂದು 'ಸುಳ್ಳಾ?' ಬೇಕು, ಉತ್ತರ ಮಾತ್ರ ಬೇಡ.

ಇಂಥವಳ ಮನೆಯಲ್ಲೇ ಒಬ್ಬ ಫ್ಯಾಷನ್ ಡಿಸೈನರ್ ಹುಟ್ಟಬೇಕೆ? ಹುಟ್ಟಿದಳು. ಅಣ್ಣನ ಮಗಳು ರಕ್ಷಿತಾ, ಎಳವೆಯಲ್ಲಿ ಅತ್ತೆಯ ಯಂತ್ರದ ಕೆಳಗೆ ಕೂತು ಚಿಂದಿಗಳನ್ನು ಜೋಡಿಸಿ ಬೊಂಬೆಗೆ ಲಂಗ ಕಟ್ಟಿದವಳು, ಬೆಂಗಳೂರಿನಲ್ಲಿ ನಾಲ್ಕು ವರ್ಷ ವಸ್ತ್ರವಿನ್ಯಾಸ ಓದಿ ಊರಿಗೇ ಮರಳಿ ತನ್ನ ಮೊದಲ ಸಂಗ್ರಹಕ್ಕೆ ಕೈ ಹಾಕಿದಳು. ಒಂದು ವರ್ಷದ ದುಡಿಮೆಗೆ ಏಳು ಉಡುಪು. ಕೈಮಗ್ಗದ ಹತ್ತಿಬಟ್ಟೆ, ಕೆಸರಿನ ಬಣ್ಣ, ಉಪ್ಪಿನ ಬಣ್ಣ, ಸಂಜೆಯ ಹೊಳೆಯ ಬಣ್ಣ. ಹೊಸ ವಿನ್ಯಾಸಕರ ದೊಡ್ಡ ಪ್ರದರ್ಶನವೊಂದಕ್ಕೆ ಹನ್ನೆರಡು ಮಂದಿಯನ್ನು ಆರಿಸುತ್ತಿದ್ದರು. ಕನಿಷ್ಠ ಐದು ಉಡುಪುಗಳ ಚಿತ್ರಗಳು ಶನಿವಾರ ಸಂಜೆ ಆರರೊಳಗೆ ಅವರ ಕೈಸೇರಬೇಕು. ಚಿತ್ರ ತೆಗೆಯುವವನು ಸದಾಶಿವಗಡದ ಸೂರಜ್, ಗೋವೆಯ ಬಟ್ಟೆ ಕಂಪನಿಗಳ ಜಾಹೀರಾತಿಗೆ ಓಡಾಡುವ ಹುಡುಗ, ಬಿಡುವಿದ್ದದ್ದು ಆ ಶನಿವಾರದ ಒಂದು ಬೆಳಗ್ಗೆ ಮಾತ್ರ. ರೂಪದರ್ಶಿ ರೂಪಾಲಿ, ಕಾರವಾರದ ಬ್ಯಾಂಕೊಂದರಲ್ಲಿ ಕೆಲಸದ ಗೆಳತಿ, ರಜೆ ಹಾಕಿ ಬರುವವಳು. ಎಲ್ಲವೂ ಒಂದೇ ಬೆಳಗಿನ ಮೇಲೆ ನಿಂತಿತ್ತು.

ಶುಕ್ರವಾರ ಬೆಳಿಗ್ಗೆ ರಕ್ಷಿತಾ ಏಳೂ ಉಡುಪುಗಳನ್ನು ಅತ್ತೆಯ ಮೇಜಿನ ಮೇಲಿಟ್ಟು, "ಅತ್ತೆ, ಇಸ್ತ್ರಿ ಮಾಡಿಡು, ನಾ ದಂಡೆ ನೋಡ್ಕಂಡು ಬರ್ತೆ," ಎಂದು ಚಿತ್ರಕ್ಕೆ ಜಾಗ ಗುರುತಿಸಲು ಹಾರವಾಡದ ಕಡಲ ಕಡೆ ಹೋದಳು. ಇಸ್ತ್ರಿ ಎಂದಳೇ ಹೊರತು ಬೇರೇನೂ ಅನ್ನಲಿಲ್ಲ. ಚಂಪಕ್ಕ ಮೊದಲ ಲಂಗವನ್ನು ಹರವಿದಳು. ಕೆಳಗಿನ ಅಂಚು ಮಡಚಿಲ್ಲ. ಬೆರಳುದ್ದದ ನೂಲುಗಳು ಜೋತು ಬಿದ್ದಿವೆ. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಪಾಪ, ಕೂಸಿಗೆ ಹೊತ್ತು ಸಾಲಲಿಲ್ಲ, ಕೇಳಲು ನಾಚಿಕೆ ಬಿದ್ದಳು, ದೊಡ್ಡ ಜನರ ಮುಂದೆ ಈ ಹರಕು ಅಂಚು ಹೊತ್ತು ಹೋಗುವುದೆ? ಆವತ್ತು ಚಂಪಕ್ಕ ಅಂಗಡಿಯ ಬಾಗಿಲು ಎಳೆದುಕೊಂಡಳು, ಊಟಕ್ಕೂ ಏಳಲಿಲ್ಲ. ಜೋತುಬಿದ್ದ ನೂಲುಗಳನ್ನು ಕತ್ತರಿಸಿ, ಅಂಚನ್ನು ಎರಡು ಸಲ ಮಡಚಿ, ಹೊರಗೆ ಕಾಣದ ಹಾಗೆ ಏಳೂ ಉಡುಪುಗಳಿಗೆ ಕೈಹೊಲಿಗೆ ಹಾಕಿ ಮುಗಿಸಿದಾಗ ಸಂಜೆಯ ದೀಪ ಹಚ್ಚುವ ಹೊತ್ತು. ಇಸ್ತ್ರಿ ಮಾಡಿ, ಹಳೆಯ ಧೋತರದಲ್ಲಿ ಸುತ್ತಿಟ್ಟಳು. ಯಾರಿಗೂ ಹೇಳಲಿಲ್ಲ, ಏಕೆಂದರೆ ಮಾಡಿದ ಉಪಕಾರವನ್ನು ಹೇಳಿಕೊಳ್ಳುವ ಚಾಳಿ ಆಕೆಗಿಲ್ಲ.

ಮರುದಿನ ಬೆಳಕು ಹರಿಯುವಾಗ ಚಂಪಕ್ಕನೂ ಸೇರಿ ನಾವೆಲ್ಲ ಹಾರವಾಡದ ದಂಡೆಯಲ್ಲಿದ್ದೆವು. ಬೆಳಕು ತಿರುಗಿಸುವ ಬಿಳಿಯ ಹಲಗೆ ಹಿಡಿಯಲು ಒಬ್ಬರು ಬೇಕೆಂದು ನೆರೆಮನೆಯ ನನ್ನನ್ನೂ ಎಳೆದು ತಂದಿದ್ದರು. ರೂಪಾಲಿ ಗಾಳಿಮರದ ಮರೆಯಿಂದ ಮೊದಲ ಉಡುಪು ತೊಟ್ಟು ಬಂದಳು. ಸೂರಜ್ ಕ್ಯಾಮೆರಾಕ್ಕೆ ಕಣ್ಣು ಹಚ್ಚಿ, ತೆಗೆದು, ಮತ್ತೆ ಹಚ್ಚಿದ.

"ರಕ್ಷಿತಾ, ಇದು ಯುನಿಫಾರ್ಮ್ ಕಂಡಾಂಗೆ ಕಾಣ್ತದಲ್ಲ ಮಾರಾಯ್ತಿ. ನೀ ತೋರಿಸಿದ ಸ್ಕೆಚ್ಚಲ್ಲಿ ಹಿಂಗೆ ಇರ್ಲಿಲ್ಲ."

ರಕ್ಷಿತಾ ಬಂದು ಅಂಚನ್ನು ಹಿಡಿದು ನೋಡಿದಳು. ಉಳಿದ ಆರನ್ನೂ ಬಿಚ್ಚಿ ನೋಡಿದಳು. ಆಮೇಲೆ ಹಾಗೇ ಮರಳಿನ ಮೇಲೆ ಕೂತುಬಿಟ್ಟಳು. ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಅಳುತ್ತಲೇ ಹೇಳಿದಳು: "ಅತ್ತೆ, ಅದು ಹೊತ್ತು ಸಾಲ್ದೆ ಬಿಟ್ಟದ್ದಲ್ಲ. ಅದು ಅಜ್ಜಿ ಸೀರೆ ಅಂಚು. ಗಜನಿಯಿಂದ ಬಂದವ್ಳು ಅದ್ರಲ್ಲೇ ನನ್ನ ಮೊಕ ಒರೆಸ್ತಿದ್ಲು, ನೂಲು ಮೂಗಿಗೆ ತಾಗಿ ಸೀನು ಬರ್ತಿತ್ತು. ಇಡೀ ಕಲೆಕ್ಷನ್ ಅದ್ರ ಮೇಲೇ ಮಾಡಿದ್ದು."

ಗಜನಿ ಎಂದರೆ ಹೊಳೆಯ ಉಪ್ಪುನೀರು ಏರಿ ಇಳಿಯುವ ಗದ್ದೆ. ಅದರ ಕಟ್ಟೆಯ ಮೇಲೆಲ್ಲ ಕೇದಗೆಯ ಮಟ್ಟಿ, ಮುಳ್ಳಿನ ಪೊದೆ. ಆ ಕೆಸರಿನಲ್ಲಿ, ಆ ಮುಳ್ಳಿನಲ್ಲಿ ಬದುಕು ಸವೆಸಿದ ಹೆಂಗಸರ ಸೀರೆಗೆ ಅಂಚು ಎಂಬುದು ಉಳಿಯುತ್ತಿರಲಿಲ್ಲ. ಚಂಪಕ್ಕನ ತಾಯಿ ಅಂಥವಳು.

"ಅವ್ವಿ ಸೀರೆಯಾ?" ಎಂದಳು ಚಂಪಕ್ಕ. ಅಷ್ಟು ಹೇಳಿ ದಂಡೆಗೆ ಎಳೆದಿಟ್ಟ ದೋಣಿಯ ಅಂಚಿಗೆ ಕೂತಳು. ಆಮೇಲೆ ಆಕೆ ಆಡಿದ್ದನ್ನು ನಾನು ಇಪ್ಪತ್ತು ವರ್ಷದ ನೆರೆಯವನಾಗಿಯೂ ಕೇಳಿರಲಿಲ್ಲ. "ಆರನೇ ಇಯತ್ತೇಲಿದ್ದೆ. ಶಾಲೇಲಿ ನಂಗೆ ಬಹುಮಾನ ಕೊಡೂದಿತ್ತು. ಅವ್ವಿ ಗದ್ದೆಯಿಂದ ಹಂಗೇ ಬಂದ್ಳು, ಮೊಣಕಾಲ ಮಟ ಕೆಸರು, ಸೀರೆ ನೂಲೆಲ್ಲ ಜೋತಾಡ್ತಿತ್ತು. ಹುಡುಗೀರು ನಕ್ಕರು. 'ಯಾರೇ ಅದು' ಕೇಳಿದ್ರು, ಗೊತ್ತಿಲ್ಲ ಅಂದೆ. ಗೋಡೆ ಹಿಂದೆ ಅಡಗಿದ್ದೆ. ಅವ್ಳು ಕಾದು ಕಾದು ಹೋದ್ಳು. ಮನೇಲಿ ಒಂದು ಮಾತು ಕೇಳ್ಲಿಲ್ಲ. ಆಮೇಲೇ ನಾ ಸೂಜಿ ಹಿಡಿದದ್ದು."

ನಾನು ಹಲಗೆಯನ್ನು ಮರಳಿಗೆ ಊರಿದೆ. ಬಿಸಿಲು ಏರುತ್ತಿತ್ತು. ಒಂಬತ್ತಾದರೆ ಈ ಬೆಳಕು ಸಾಯುತ್ತದೆ ಎಂದು ಸೂರಜ್ ಮೆಲ್ಲಗೆ ಹೇಳಿದ.

ಆಗ ಚಂಪಕ್ಕ ಕನ್ನಡಕ ಏರಿಸಿದಳು. ಕೋಟಿನಿಂದ ಪಿನ್ನು ತೆಗೆದು, ರೂಪಾಲಿ ಕಳಚಿಕೊಟ್ಟ ಲಂಗದ ಮೇಲೆ ಬಾಗಿ, ತನ್ನದೇ ಹೊಲಿಗೆಗಳನ್ನು ಒಂದೊಂದಾಗಿ ಕಿತ್ತಳು. ನಲವತ್ತು ವರ್ಷದಲ್ಲಿ ಪರರ ಹೊಲಿಗೆ ಎಷ್ಟೋ ಬಿಚ್ಚಿದ್ದ ಆ ಕೈಗೆ ತನ್ನದನ್ನು ಬಿಚ್ಚಿ ಅಭ್ಯಾಸವಿರಲಿಲ್ಲ. ಬಿಚ್ಚಿದ್ದಾಯಿತು, ಆದರೆ ಕತ್ತರಿಸಿದ ನೂಲು ಮರಳಿ ಬರುವುದೆಲ್ಲಿಂದ? ಅಡ್ಡನೂಲುಗಳನ್ನು ಎಳೆದೆಳೆದು ಹೊಸ ಕುಚ್ಚು ಬಿಡಿಸಿದಳು. ಅದು ದೇವರ ಪೀಠಕ್ಕೆ ಹಾಸುವ ವಸ್ತ್ರದಷ್ಟು ಒಪ್ಪವಾಗಿ, ಒಂದೆಳೆ ಹೆಚ್ಚಿಲ್ಲ ಕಡಿಮೆಯಿಲ್ಲ ಎಂಬಂತೆ ಬಂತು.

"ಇದು ತೀರಾ ಸಮ ಆಗ್ತದೆ ಅತ್ತೆ, ಅಜ್ಜಿದು ಹಿಂಗಿರ್ಲಿಲ್ಲ," ಎಂದಳು ರಕ್ಷಿತಾ.

"ನನ್ನ ಕೈಗೆ ಬೇರೆ ಬರೂದಿಲ್ಲ ಮಗಾ." ಆ ಸ್ವರದಲ್ಲಿ ನಿಜವಾದ ಸೋಲಿತ್ತು. ಲಂಗವನ್ನು ತೊಡೆಯ ಮೇಲಿಟ್ಟುಕೊಂಡು ದಂಡೆಯ ಹಿಂದಿನ ಹಳ್ಳವನ್ನೂ, ಅದರ ಕಟ್ಟೆಯ ಮೇಲಿನ ಕೇದಗೆಯ ಮಟ್ಟಿಯನ್ನೂ ನೋಡುತ್ತ ಕೂತಳು. ಏನು ಹೊಳೆಯಿತೋ, ತಟ್ಟನೆ ಎದ್ದು ಕೋಟು ಕಳಚಿ ನನ್ನ ಹೆಗಲಿಗೆ ಹಾಕಿದಳು. ಸೀರೆಯ ಮೇಲೆಯೇ ಆ ಲಂಗವನ್ನು ಉಟ್ಟಳು. "ಕೈಯಲ್ಲಿ ಹಿಡಿದ್ರೆ ಅವ್ವಿ ಅಂಚು ಬರೂದಿಲ್ಲ. ನಡೀಬೇಕು, ಸುಳ್ಳಾ?" ಎಂದವಳೇ ಹಳ್ಳದ ಕೆಸರಿಗೆ ಇಳಿದು, ಮುಳ್ಳುಮಟ್ಟಿಯ ನಡುವೆ ನುಗ್ಗಿ, ಕಟ್ಟೆಯುದ್ದಕ್ಕೂ ನಡೆದಳು. ಯಂತ್ರ ತುಳಿಯುವ ಆ ನಡಿಗೆ ಅಲ್ಲಿರಲಿಲ್ಲ. ತಲೆಯ ಮೇಲೆ ಹೊರೆಯಿದ್ದವರಂತೆ ಕತ್ತು ನೆಟ್ಟಗೆ, ಸೊಂಟ ಸಡಿಲ, ಕೆಸರಿನಿಂದ ಪಾದ ಕೀಳುವಾಗ ಬಲಕ್ಕೊಂದು ತೂಕ. "ಅಜ್ಜಿ ಹಿಂಗೇ ನಡೀತಿದ್ಲು," ಎಂದು ರಕ್ಷಿತಾ ಪಿಸುಗುಟ್ಟಿದಳು. ಸೂರಜ್ ಯಾರ ಅಪ್ಪಣೆಗೂ ಕಾಯದೆ ಓಡಿಹೋಗಿ ಹಿಂದಿನಿಂದ ಚಿತ್ರ ತೆಗೆಯತೊಡಗಿದ್ದ.

ಹೀಗೆ ಒಂಬತ್ತರೊಳಗೆ ಐದು ಸಲ ಆ ಕಟ್ಟೆಯನ್ನು ತುಳಿದಳು ಚಂಪಕ್ಕ. ಒಂದೊಂದನ್ನೂ ಹರಿಸಿಕೊಂಡು ಬಂದು ರೂಪಾಲಿಗೆ ಉಡಿಸಿ, ರಕ್ಷಿತಾ ಹೊಲಿಗೆ ಬಿಚ್ಚಿಟ್ಟ ಇನ್ನೊಂದನ್ನು ಉಟ್ಟು ಹೊರಟಳು. ಮೀನಖಂಡಕ್ಕೆ ಮುಳ್ಳು ಗೀರಿ ರಕ್ತ ಬಂದಿತ್ತು. ಆಕೆಗೆ ಅದರ ಕಡೆ ಲಕ್ಷ್ಯವಿರಲಿಲ್ಲ. ಎರಡು ಉಡುಪುಗಳಿಗೆ ಬೆಳಕು ಸಾಲಲಿಲ್ಲ. ಐದರ ಚಿತ್ರಗಳು ಸಂಜೆಯೊಳಗೆ ಹೋಗಿ ಮುಟ್ಟಿದವು. ಹನ್ನೆರಡರಲ್ಲಿ ರಕ್ಷಿತಾಳ ಹೆಸರು ಬಂತು. ಪ್ರದರ್ಶನದವರು ತಮ್ಮ ಪ್ರಚಾರದ ಮುಖಪುಟಕ್ಕೆ ಆರಿಸಿದ್ದು ಮಾತ್ರ ರೂಪಾಲಿಯ ಚಂದದ ಭಂಗಿಗಳನ್ನಲ್ಲ. ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ನಡೆಯುತ್ತಿರುವ, ಮುಖವೇ ಕಾಣದ ಒಬ್ಬ ಹೆಂಗಸಿನ ಚಿತ್ರ. ಅದರಲ್ಲಿ ಹರಿದ ಅಂಚಿನ ನೂಲುಗಳು ಕೆಸರನ್ನು ಮುಟ್ಟಿವೆ.

ಆ ಚಿತ್ರಕ್ಕೆ ಕಟ್ಟು ಹಾಕಿಸಿ ರಕ್ಷಿತಾ ಈಗ ಅಂಗಡಿಯ ಗೋಡೆಗೆ ತೂಗುಹಾಕಿದ್ದಾಳೆ. ಮೊನ್ನೆ ರವಿಕೆಯ ಅಳತೆ ಕೊಡಲು ಬಂದ ಗಾಯತ್ರಿ ಟೀಚರು ಅದನ್ನು ನೋಡಿ ನಕ್ಕು, "ಎಂತದೇ ಚಂಪಕ್ಕಾ, ಊರವರದೆಲ್ಲ ಹೊಲಿತೆ, ಇದೊಂದು ಹರಕು ಹಂಗೇ ಬಿಟ್ಟಿದ್ಯಲೆ. ಯಾರದು?" ಎಂದು ಕೇಳಿದರು.

ಚಂಪಕ್ಕ ಯಂತ್ರ ನಿಲ್ಲಿಸಿದಳು. "ನಮ್ಮವ್ವಿ," ಎಂದಳು. "ಶಾಲೆಗೆ ಬರ್ತಿದ್ದಾಳೆ."

ಕಂಡದ್ದನ್ನೆಲ್ಲ ಸರಿಮಾಡದೆ ಬಿಡದ ಇಂಥ ಜೀವಗಳು ಊರಿಗೆ ಒಂದೆರಡು ಇದ್ದೇ ಇರುತ್ತವೆ. ನಾವು ಅವರ ಕೈಗೆ ಸಿಕ್ಕು ಗೊಣಗುತ್ತೇವೆ, ನಗುತ್ತೇವೆ, ಅವರಿಂದ ನೆಟ್ಟಗಾಗಿ ನಮ್ಮ ದಾರಿ ಹಿಡಿಯುತ್ತೇವೆ. ಎಲ್ಲೋ ಹಿಂದೆ ತಾವೇ ಹರಿದ ಒಂದಕ್ಕೆ ಅವರು ಇಷ್ಟು ವರ್ಷ ನಮ್ಮೆಲ್ಲರ ಮೈಮೇಲೆ ಹೊಲಿಗೆ ಹಾಕುತ್ತಿದ್ದಾರೆಂದು ನಮಗೆ ಹೊಳೆಯುವುದಿಲ್ಲ.