ಬಾಯಿಗೆ ಬಾರದ ಪ್ರಶ್ನೆ

ಭುವನಾ ಮೇಡಂ ಎದುರಿಗೆ ಕೂತು ಸುಮ್ಮನೆ ನೋಡಿದರೆ ಸಾಕು, ಗೋಡೆಯ ಹಲ್ಲಿಯೂ ತನ್ನ ಸಂಸಾರದ ಕಷ್ಟ ಹೇಳಿಕೊಳ್ಳುತ್ತದೆ. ಸುಳ್ಳೆನಿಸಿದರೆ ಹೋಗಿ ಹಲ್ಲಿಗಳನ್ನೇ ಕೇಳಿ. ಪ್ರತಿ ಬುಧವಾರ ಅವರು ಚಿಕ್ಕಮಗಳೂರಿನಿಂದ ಬಸ್ಸು ಹತ್ತಿ ಕಳಸದ ಹತ್ತಿರ ಸಂಸೆ ರಸ್ತೆಯ ಸಣ್ಣ ಆಸ್ಪತ್ರೆಗೆ ಬರುತ್ತಿದ್ದುದು, ಆಪ್ತಸಮಾಲೋಚನೆ ಕಲಿಯುತ್ತಿದ್ದ ಜಿಕ್ರಾಳನ್ನು ತಿದ್ದಲು. ಮೈಯ ಕಾಯಿಲೆಯನ್ನು ಡಾಕ್ಟರ್ ಶಶಿಧರ್ ನೋಡಬೇಕು, ಮನಸ್ಸಿನದನ್ನು ಪಕ್ಕದ ಕೋಣೆಯಲ್ಲಿ ಜಿಕ್ರಾ ಕೇಳಬೇಕು, ವಾರಕ್ಕೊಮ್ಮೆ ಮೂವರೂ ಕೂತು ಒಬ್ಬೊಬ್ಬ ರೋಗಿಯ ಬಗ್ಗೆ ಮಾತಾಡಬೇಕು. ಅಲ್ಲಿನ ಪದ್ಧತಿ ಅದು.

ಆ ಬುಧವಾರ ಮಾತು ಬಂದು ನಿಂತದ್ದು ಓಂಕಾರಮೂರ್ತಿಯವರ ಮೇಲೆ. ಕಳಸದಲ್ಲಿ ದಿನಸಿ ಅಂಗಡಿ ಇಟ್ಟವರು. ಎದೆ ಹಿಡಿದುಕೊಳ್ಳುತ್ತದೆ ಎಂದು ಮತ್ತೆ ಮತ್ತೆ ಬರುತ್ತಿದ್ದರು.

"ಅವ್ರ ಹೃದಯ ನಂದಕ್ಕಿಂತ ಗಟ್ಟಿ ಇದೆ ಮೇಡಂ," ಎಂದರು ಶಶಿಧರ್. "ಇಸಿಜಿ ತೆಗ್ದು ತೆಗ್ದು ಮಿಷಿನ್ನೇ ಸುಸ್ತಾಗಿದೆ. ನೋವು ಬೇರೆ ಎಲ್ಲೋ ಇದೆ."

"ಹೋದ ವಾರ ಸಾಕಿದ ನಾಯಿನ ಪಕ್ಕದ ಮನೆಯವ್ರಿಗೆ ಕೊಟ್ರಂತೆ," ಎಂದಳು ಜಿಕ್ರಾ. "ಅಂಗಡಿ ಬೀಗದ ಕೈ ತಮ್ಮನಿಗೆ. 'ಇನ್ನು ನಂಗ್ಯಾಕೆ' ಅಂದ್ರು."

"ಅದಕ್ಕೆ ನೀನೇನು ಕೇಳ್ದೆ?" ಎಂದರು ಭುವನಾ ಮೇಡಂ.

"ನಾಯಿ ಹೆಸರು."

ಶಶಿಧರ್ ನಗಲಿಲ್ಲ. ಮೇಡಂ ಬೈಯಲೂ ಇಲ್ಲ. "ಕೇಳಬೇಕಾಗಿದ್ದು ಏನಂತ ನಿಂಗೆ ಗೊತ್ತಲ್ಲ?"

"ಗೊತ್ತು ಮೇಡಂ. ಕೇಳಿದ್ರೆ, ಇಲ್ಲದ ಯೋಚ್ನೆನ ನಾನೇ ತಲೆಗೆ ಹಾಕ್ದಂಗೆ ಆಗಲ್ವಾ?"

"ಇಲ್ಲ ಮಾರಾಯ್ತಿ. ಇದ್ರೆ ಹೊರಗೆ ಬರ್ತದೆ, ಇಲ್ದಿದ್ರೆ ಇಲ್ಲ ಅಂತಾರೆ. ಬಾ, ಈಗ ನಾನೇ ರೋಗಿ. ನನ್ನನ್ನ ಕೇಳು."

ಮೇಡಂ ತಲೆ ಬಗ್ಗಿಸಿದ್ದೇ ತಡ, ಕಲಿಸುವ ಹೆಂಗಸು ಮಾಯವಾಗಿ, ಬದುಕೇ ಬೇಡವಾದ ಇನ್ಯಾರೋ ಕುರ್ಚಿಯಲ್ಲಿ ಕೂತಿದ್ದರು. ಅವರು ಬಿಟ್ಟ ಒಂದು ನಿಟ್ಟುಸಿರಿಗೆ ಚಾರ್ಮಾಡಿ ಘಾಟಿಯ ಮಂಜು ದಾರಿ ತಪ್ಪಿತು. ಹೊರಗೆ ಮಂಡಿನೋವಿಗೆಂದು ಕಾಯುತ್ತಿದ್ದ ಬಸಮ್ಮ ಬಾಗಿಲು ತಳ್ಳಿಕೊಂಡು ಬಂದು, "ಅಯ್ಯೋ, ಈ ಅಮ್ಮಂಗೆ ಮೊದ್ಲು ಔಷಧಿ ಕೊಡಿ ಡಾಕ್ಟ್ರೇ, ನನ್ನ ಮಂಡಿ ನಾಳೆಗಾದ್ರೂ ಆಯ್ತು," ಎಂದು ಕಣ್ಣೊರೆಸಿಕೊಂಡರು.

ಜಿಕ್ರಾಳ ನಾಲಿಗೆ ಮಾತ್ರ ನಿದ್ದೆ, ಊಟ, ಮಳೆ, ಮೆಣಸಿನ ರೇಟು ಎಂದು ಭೂಮಂಡಲ ಸುತ್ತಿ, ಆ ಒಂದು ಮಾತಿನ ಎದುರು ಗಕ್ಕನೆ ನಿಲ್ಲುತ್ತಿತ್ತು. "ಮತ್ತೆ," ಎನ್ನುತ್ತಿದ್ದರು ಮೇಡಂ. ಸಾವಿರ ಸಲ ಎಂದರೂ ಕಡಿಮೆಯೇ. ಕೊನೆಗೂ ಮಾತು ಹೊರಬಂತು.

ಮಧ್ಯಾಹ್ನ ಓಂಕಾರಮೂರ್ತಿ ಬಂದರು. ಅವರ ಒಪ್ಪಿಗೆ ಪಡೆದೇ ಮೇಡಂ ಮೂಲೆಯಲ್ಲಿ ಕೂತರು.

"ಓಂಕಾರಣ್ಣ," ಎಂದಳು ಜಿಕ್ರಾ. "ನಾಯಿ ಕೊಟ್ರಿ, ಬೀಗದ ಕೈ ಕೊಟ್ರಿ. ಸಾಯ್ಬೇಕು ಅಂತ ಯೋಚ್ನೆ ಬರ್ತಿದ್ಯಾ?"

ಅವರು ಕಿಟಕಿಯತ್ತ ಮುಖ ತಿರುಗಿಸಿದರು. ಜಿಕ್ರಾ ಗಾಬರಿಯಿಂದ ಮೂಲೆಯತ್ತ ನೋಡಿದಳು. ಮೇಡಂ ಬಾಯಿ ತುಂಬ ಮೂವತ್ತು ವರ್ಷದ ಅನುಭವವಿತ್ತು. ಆದರೂ ತುಟಿ ಬಿಚ್ಚಲಿಲ್ಲ. ಅದಕ್ಕಿಂತ ದೊಡ್ಡ ಸಾಹಸವನ್ನು ಈ ಘಟ್ಟದ ಮೇಲೆ ಯಾರೂ ಮಾಡಿಲ್ಲ. ಬರಿಗೈಯಲ್ಲಿ ಕಾಡಾನೆ ಓಡಿಸಿದವರನ್ನು ಸೇರಿಸಿಯೇ ಈ ಮಾತು. ಜಿಕ್ರಾ ಮತ್ತೆ ಓಂಕಾರಮೂರ್ತಿಯವರ ಕಡೆ ತಿರುಗಿ ಕಾದಳು.

"ಬರ್ತದೆ ಕಣಮ್ಮ," ಎಂದರು ಅವರು. "ಹೆಂಡ್ತಿ ಹೋದ್ಮೇಲೆ ದಿನಾ ಬರ್ತದೆ. ಇಡೀ ಊರು ನನ್ಹತ್ರ ಅಕ್ಕಿ ಕೇಳ್ತು, ಬೇಳೆ ಕೇಳ್ತು. ಇದನ್ನ ಯಾರೂ ಕೇಳ್ಲಿಲ್ಲ."

"ಇವತ್ತು ನಿಮ್ಮನ್ನ ಒಬ್ರೇ ಕಳ್ಸಲ್ಲ. ಡಾಕ್ಟ್ರನ್ನ ಕರೀಲಾ? ತಮ್ಮನ್ನೂ?"

ಅವರು ಹೂಂ ಎಂದು ತಲೆಯಾಡಿಸಿದರು. ಶಶಿಧರ್ ಕಾಯುವವರನ್ನು ಕಾಯಲು ಬಿಟ್ಟು ಓಡಿ ಬಂದರು. ತಮ್ಮನೂ ಜೀಪಿನಲ್ಲಿ ಬಂದ. ಯಾವ ಮಾತ್ರೆ, ರಾತ್ರಿ ಜೊತೆಗೆ ಯಾರು, ಎದೆ ಹಿಡಿದರೆ ಯಾರಿಗೆ ಫೋನು, ಎಲ್ಲವನ್ನೂ ಓಂಕಾರಮೂರ್ತಿಯವರನ್ನೇ ಕೇಳಿ ಕೇಳಿ ಗೊತ್ತುಮಾಡಿದರು.

ಅವರು ಹೋದ ಮೇಲೆ ಜಿಕ್ರಾ ಪೆನ್ನು ಹಿಡಿದು ಕೂತಳು. ತಪ್ಪುಗಳ ಪಾಠ ಈಗ ಶುರು ಎಂದುಕೊಂಡಿದ್ದಳು.

ಮೇಡಂ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಆಯ್ತು. ಈಗ ನಿಂಗೆ ಹೇಗಿದೆ, ಹೇಳು."

ಜಿಕ್ರಾ ಅತ್ತಳು. ಎಷ್ಟೆಂದರೆ, ಕಳಸದಲ್ಲಿ ಭದ್ರೆ ಒಂದು ಗೇಣು ಏರಿದಳು. ಮೇಡಂ ಕೊನೆಯ ಬಸ್ಸನ್ನೂ ಬಿಟ್ಟುಕೊಟ್ಟು ಕೇಳುತ್ತ ಕೂತರು.