ಬಣ್ಣದ ಜಿಡ್ಡು

ಬಿಳಿಗೆರೆಯ ಆ ಮನೆಯಲ್ಲಿ ಆಯುಧಪೂಜೆ ಎಂದರೆ ಮಚ್ಚು, ಕುಡುಗೋಲು, ಕಾಯಿ ಸುಲಿಯುವ ಯಂತ್ರ, ಟ್ರ್ಯಾಕ್ಟರು, ಒಂದನ್ನೂ ಬಿಡದೆ ತೊಳೆದು ವಿಭೂತಿ ಬಳಿಯುವುದು. ವನಜಾ ತಾನು ಪಾಠ ಮಾಡುವ ತಿಪಟೂರಿನ ಕಾಲೇಜಿನಲ್ಲಿ ಪೂಜೆ ಮುಗಿಸಿಕೊಂಡು ಬರುವಷ್ಟರಲ್ಲಿ ಅತ್ತೆ ಕೆಂಚಕ್ಕ ಎಲ್ಲವನ್ನೂ ಅಂಗಳದಲ್ಲಿ ಸಾಲಾಗಿ ಇಟ್ಟಿದ್ದಳು. ಕುಡುಗೋಲಿನ ಪಕ್ಕ ಬೆಂಕಿಪೊಟ್ಟಣದಗಲದ ಗಾಜಿನ ಬಿಲ್ಲೆಯೊಂದು ಕುಂಕುಮ ಇಟ್ಟುಕೊಂಡು ಕೂತಿತ್ತು.

ವನಜಾ ಬಗ್ಗಿ ನೋಡಿದಳು. ಅದು ಅವಳ ಗ್ರೇಟಿಂಗ್. ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಒತ್ತೊತ್ತಾಗಿರುವ ಗಾಜು. ಅದನ್ನು ಹಾಯ್ದ ಬೆಳಕು ಬಣ್ಣಬಣ್ಣವಾಗಿ ಬೇರೆಯಾಗಿ, ಒಂದೊಂದು ಬಣ್ಣ ಒಂದೊಂದು ಕೋನಕ್ಕೆ ಓಡುತ್ತದೆ. ಆ ಕೋನ ಅಳೆದು ಕೊಬ್ಬರಿ ಎಣ್ಣೆಗೆ ಏನು ಬೆರೆಸಿದ್ದಾರೆಂದು ಹೇಳುವುದು ಅವಳ ಸಂಶೋಧನೆ. ಪಾಠ, ಅಡುಗೆ, ಮಗಳ ಹೋಂವರ್ಕು ಎಲ್ಲ ಮುಗಿಸಿ ಕೊಬ್ಬರಿ ಅಟ್ಟದ ಕತ್ತಲಲ್ಲಿ ವರ್ಷಗಟ್ಟಲೆ ಕೂತು ಮಾಡಿದ್ದು. ಹಬ್ಬ ಕಳೆದ ಮಾರನೆಯ ದಿನ ವಿಶ್ವವಿದ್ಯಾಲಯದವರ ಮುಂದೆ ನಡೆಸಿ ತೋರಿಸಬೇಕು. ಗಡುವು ಆಗಲೇ ಎರಡು ಸಲ ಮುಂದೆ ಹೋಗಿತ್ತು.

"ಇದನ್ಯಾಕೆ ಇಳಿಸಿದ್ರಿ ಅತ್ತೆ?"

"ನಿಂದೂ ಆಯುಧ ಅಲ್ವೇನವ್ವ, ಅದೊಂದ್ನ ಬುಡಾಕಾಯ್ತದಾ?" ಕೆಂಚಕ್ಕ ಸೆರಗಿಗೆ ಕೈ ಒರೆಸಿಕೊಂಡಳು. "ಅದೇನು ಎಣ್ಣೆ ಜಿಡ್ಡೋ, ಬಿಸ್ಲಿಗಿಡಿದ್ರೆ ಕಾಮನಬಿಲ್ಲಂಗೆ ಮಿಂಚ್ತಿತ್ತು. ಸೋಪಿಗೆ ಹೋಗ್ಲಿಲ್ಲ. ಬೂದಿ ಹಾಕ್ಕೊಂಡು ತೆಂಗಿನ ನಾರಲ್ಲಿ ತಿಕ್ಕಿದೆ ನೋಡು, ಬಣ್ಣ ಹೋಗೋಗಂಟ ಬುಡ್ಲಿಲ್ಲ."

ಟ್ರ್ಯಾಕ್ಟರಿಗೆ ಬಾಳೆಕಂದು ಕಟ್ಟುತ್ತಿದ್ದ ಗಂಡ ರಂಗರಾಜು ನಕ್ಕ. "ನಿನ್ ಪಿಎಚ್‌ಡಿಗೂ ವಿಭೂತಿ ಬಿತ್ತು ಕಣೇ!"

ಅವಳು ಬಿಲ್ಲೆ ಎತ್ತಿಕೊಂಡು ಅಟ್ಟ ಹತ್ತಿದಳು. ಕುಂಕುಮ ಒರೆಸಿ, ಸ್ಟ್ಯಾಂಡಿಗೆ ಸಿಕ್ಕಿಸಿ ಲೇಸರ್ ಹಾಕಿದಳು. ನಡುವಿನ ಚುಕ್ಕಿಯ ಎಡಬಲಕ್ಕೆ ಸಾಲಾಗಿ ಬೀಳುತ್ತಿದ್ದ ಚುಕ್ಕಿಗಳಿಲ್ಲ. ಗೋಡೆಯ ಮೇಲೆ ಕೆಂಪಗೆ, ಕಲಕಿದಂತೆ ಒಂದೇ ಒಂದು. ತಿರುಗಿಸಿದಳು, ಓರೆ ಮಾಡಿದಳು. ಒಂದೇ.

ಪಿಎಚ್‌ಡಿ ಗೈಡ್‌ಗೆ ಫೋನ್ ಮಾಡಿ, ಗಾಜಿನ ಗೆರೆಗಳೆಲ್ಲ ಅಳಿಸಿಹೋದದ್ದನ್ನು ಹೇಳಿದಳು.

"ಬೇರೆದು ಹಾಕಮ್ಮ."

"ತರ್ಸೋಕೆ ದಿನ ಹಿಡಿಯುತ್ತೆ ಸಾರ್. ಬಂದ್ರೂ ಅಳತೆಯೆಲ್ಲ ಮೊದಲಿಂದ ಹೊಂದಿಸ್ಬೇಕು."

"ಇನ್ನೊಂದ್ ಸಲ ಗಡುವು ಕೇಳೋಕೆ ನಂಗೆ ಮುಖ ಇಲ್ಲ ಕಣಮ್ಮ. ರಿಜಿಸ್ಟ್ರೇಷನ್ ರದ್ದಾಗುತ್ತೆ."

"ಗೊತ್ತು ಸಾರ್."

ಏದುಸಿರು ಬಿಡುತ್ತ ಕೆಂಚಕ್ಕ ಏಣಿ ಹತ್ತಿ ಬಂದಳು. ತಿಕ್ಕಿ ತಿಕ್ಕಿ ಅವಳ ಬೆರಳಗಂಟುಗಳು ಕೆಂಪಾಗಿದ್ದವು. ಗೋಡೆಯ ಚುಕ್ಕಿ ನೋಡಿ ಮುಖ ಅರಳಿತು.

"ಬೆಳಕು ಬತ್ತಾ ಐತಲ್ಲ! ಈಗ ಚೆಂದಾಗಿ ಕಾಣ್ತದಾ?"

ವನಜಾ ಅತ್ತೆಯ ಕೆಂಪಾದ ಬೆರಳುಗಳನ್ನು ನೋಡಿದಳು. "ಕಾಣ್ತದೆ ಅತ್ತೆ."

"ಬಾ ಮತ್ತೆ, ಮಂಗಳಾರತಿ ಹೊತ್ತಾಯ್ತು. ಮುಂದಿನ್ ವರ್ಷ ಇನ್ನೂ ಬೆಳ್ಳಗೆ ಮಾಡ್ಕೊಡ್ತೀನಿ."

"ಮುಂದಿನ್ ವರ್ಷ ಬೇಕಾಗಲ್ಲ ಬುಡಿ" ಎಂದು ವನಜಾ ಲೇಸರ್ ಆರಿಸಿದಳು.