ಲಚ್ಚಮ್ಮನ ಹೊಲಕ್ಕೆ ಬಂದ ಟ್ಯಾಂಕರ್

ಊರಿನ ಗುಂಡಿಗಳು ಉಕ್ಕುವುದು ಮಳೆಗಾಲದಲ್ಲೇ. ಅವನ್ನು ಖಾಲಿ ಮಾಡಲು ಜಾಗ ಸಿಗದಿರುವುದೂ ಮಳೆಗಾಲದಲ್ಲೇ. ತಾಂಡೂರಿನ ಜನ ಹೇಲುವುದನ್ನಂತೂ ಬಿಡುವುದಿಲ್ಲ. ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ. ಕೇಳಿಕೊಳ್ಳಬೇಕಾದವನು ಜೈಪಾಲ, ಪಾಯಖಾನೆ ಗುಂಡಿ ಎಳೆಯುವ ಟ್ಯಾಂಕರಿನ ಡ್ರೈವರ್.

ಅವನ ಕಸುಬಿನಲ್ಲಿ ಒಂದು ರೂಢಿಯಿದೆ. ಮೊದಲು ಹೊಲದವನಿಗೆ ಫೋನು, ಆಮೇಲೆ ಗುಂಡಿಗೆ ಪೈಪು. ಬೇಸಿಗೆಯಲ್ಲಿ ರೈತರು ತಾವಾಗಿಯೇ ಕರೆದು, ಗೊಬ್ಬರವಾಗುತ್ತದೆಂದು ಹೊಲದಲ್ಲಿ ಸುರಿಸಿಕೊಳ್ಳುತ್ತಾರೆ. ಬಿತ್ತನೆಯಾಯಿತೋ, ಅದೇ ರೈತರು ಮೂಗು ಮುಚ್ಚಿಕೊಳ್ಳುತ್ತಾರೆ. ಅಂದು ಜೈಪಾಲ ಫೋನು ಮಾಡಲಿಲ್ಲ. ಹುಡುಗಿಯರ ಹಾಸ್ಟೆಲಿನ ಗುಂಡಿ ಉಕ್ಕಿ ಊಟದ ಕೋಣೆಯ ಹೊಸ್ತಿಲಿಗೆ ಬಂದಿತ್ತು. ಮಕ್ಕಳು ಬೆಳಗಿನಿಂದ ಜಾಲಿಗಿಡದ ಮರೆಗೆ ಹೋಗುತ್ತಿದ್ದವು. ಅದನ್ನು ನೋಡಿದವನೇ ಪೈಪು ಇಳಿಸಿಬಿಟ್ಟ.

ಟ್ಯಾಂಕರ್ ತುಂಬಿತು, ಗುಂಡಿ ಅರ್ಧವೂ ಇಳಿಯಲಿಲ್ಲ. ಇದನ್ನು ಎಲ್ಲಾದರೂ ಸುರಿದು ಕತ್ತಲಾಗುವುದರೊಳಗೆ ಮತ್ತೆ ಬರಬೇಕಿತ್ತು.

ಪೆದ್ದೆಮುಲ್ ದಾರಿಯ ವೈಜಿನಾಥ ಪಟೇಲರು ಬೇಸಿಗೆಯಲ್ಲಿ ಚಹಾ ಕುಡಿಸಿ ಸುರಿಸಿಕೊಂಡವರು. ಇಂದು ಬದುವಿನ ಮೇಲಿಂದಲೇ ಕೈ ಅಲ್ಲಾಡಿಸಿದರು.

"ತೊಗರಿ ಬಿತ್ತೀವಪ್ಪ. ಈಗ ಬ್ಯಾಡ."

"ಮೂಲ್ಯಾಗರ ಒಂದೀಟು ಜಾಗ ಕೊಡ್ರಿ ಪಟೇಲ್ರ. ಹೆಣ್ಮಕ್ಕಳ ಹಾಸ್ಟೆಲಿಂದು ಅದರಿ."

"ಯಾರ್ದಾದ್ರೇನೋ, ನಾತ ನಾತಾನೇ."

ಧಾರೂರಿನ ಕಡೆ ಹೋದರೆ ಜನ ಕಲ್ಲು ಹಿಡಿದು ಅಡ್ಡ ನಿಂತರು. ಹಳ್ಳಕ್ಕೆ ಬಿಡಬಹುದಿತ್ತು, ಎಷ್ಟೋ ಜನ ಬಿಡುತ್ತಾರೆ. ಆದರೆ ಆ ನೀರನ್ನೇ ಕೆಳಗಿನ ಲಂಬಾಣಿ ತಾಂಡಾದವರು ಕುಡಿಯುತ್ತಾರೆ. ಜೈಪಾಲನಿಂದ ಅದು ಆಗಲಿಲ್ಲ. ಹಾಸ್ಟೆಲಿನಿಂದ ಫೋನು ಬರುತ್ತಲೇ ಇತ್ತು.

ಉಳಿದದ್ದು ಒಂದೇ ಹೊಲ, ಜೈಪಾಲನ ಮನೆಯವರದೇ. ತುಂಡು ಭೂಮಿ, ಇನ್ನೂ ಬಿತ್ತಿರಲಿಲ್ಲ. ಅದರ ಇಳಿಜಾರಿನ ಕೆಳತುದಿಯಲ್ಲಿ ಅವನ ತಾಯಿ ಲಚ್ಚಮ್ಮನ ಗೋರಿ. ಊರಿನ ಹಳೆಯ ಪಾಯಖಾನೆಗಳನ್ನು ಬಳಿದು, ಬುಟ್ಟಿ ತಲೆ ಮೇಲೆ ಹೊತ್ತು ಹೊತ್ತೇ ಮುದುಕಿಯಾದವಳು. ಮಳೆಗಾಲದಲ್ಲಿ ಬುಟ್ಟಿ ಸೋರಿ ಮುಖದ ಮೇಲೆ ಇಳಿಯುತ್ತಿತ್ತು. ಸಾಯುವಾಗ ಅವಳು ಕೇಳಿದ್ದು ಇಷ್ಟೇ: ಆ ನಾತ ಬರದ ಕಡೆ ನನ್ನನ್ನು ಮಣ್ಣು ಮಾಡಿರಿ. ಮಸಣದ ಪಕ್ಕ ಊರ ಕಸದ ಗುಡ್ಡೆಯಿದೆ ಎಂದೇ ಅವಳನ್ನು ಹೊಲಕ್ಕೆ ತಂದಿದ್ದರು.

ಅಪ್ಪ ಮಾಣಿಕ ಹೊಲದಲ್ಲೇ ಇದ್ದ. ಟ್ಯಾಂಕರ್ ಕಂಡವನೇ ಎದ್ದು ನಿಂತ.

"ಇಲ್ಲಿಗ್ಯಾಕ ತಂದಿ?"

"ಎಲ್ಲೂ ಬಿಡವಲ್ಲರು ಅಪ್ಪಾ. ಹುಡ್ಗ್ಯಾರು ಬಯಲಾಗ ಕುಂಡ್ರಾಕ ಹತ್ಯಾರ."

"ನಿಮ್ಮವ್ವ ಅದಾಳೋ ಇಲ್ಲಿ."

"ಗೊತ್ತದ." ಜೈಪಾಲನಿಗೆ ಅಳು ಬಂತು, ತಡೆಯಲೂ ಹೋಗಲಿಲ್ಲ. "ನಾ ಏನ್ ಮಾಡ್ಲಿ, ನೀನೇ ಹೇಳು."

ಫೋನು ಮತ್ತೆ ಬಡಿದುಕೊಂಡಿತು. ಮುದುಕ ಸಲಿಕೆ ತಂದು ಗೋರಿಯ ಸುತ್ತ ಒಡ್ಡು ಹಾಕತೊಡಗಿದ. ಮಗನೂ ಕೈಯಿಂದಲೇ ಮಣ್ಣು ಎಳೆದ. ಒಡ್ಡು ಮೊಣಕಾಲೆತ್ತರ ಆದ ಮೇಲೆ ಜೈಪಾಲ ಗೋರಿಯಿಂದ ದೂರ, ಹೊಲದ ಮೇಲಿನ ತುದಿಗೆ ಟ್ಯಾಂಕರ್ ಒಯ್ದು ವಾಲ್ವ್ ತಿರುವಿದ.

ಮಳೆಗೆ ನೆನೆದ ಕರಿಮಣ್ಣು ಏನನ್ನೂ ಕುಡಿಯಲಿಲ್ಲ. ಬಂದದ್ದೆಲ್ಲ ಇಳಿಜಾರು ಹಿಡಿದು ಒಡ್ಡಿಗೆ ಒರಗಿತು, ಒಂದು ಮೂಲೆ ಕುಸಿಯಿತು. ಮಾಣಿಕ ಸಲಿಕೆಯಿಂದ ಮುಚ್ಚಿದ, ಕಾಲು ಅಡ್ಡ ಇಟ್ಟ. ಅದು ಪಾದ ಬಳಸಿಕೊಂಡು ಒಳಗೆ ಹೋಯಿತು. ಜೈಪಾಲ ವಾಲ್ವ್ ಮುಚ್ಚಲು ಓಡಿದ. ಅಪ್ಪ ಬೇಡವೆಂದು ಕೈ ಎತ್ತಿದ. ಆಮೇಲೆ ಗೋರಿಯ ಮೇಲೆ ಬಗ್ಗಿ, ಮಲಗಿದವಳನ್ನು ಎಬ್ಬಿಸುವ ದನಿಯಲ್ಲಿ ಹೇಳಿದ:

"ಲಚ್ಚಮ್ಮಾ, ಮಗನ ಮ್ಯಾಲ ಸಿಟ್ಟಾಗಬ್ಯಾಡ. ಮಾರಿ ಅತ್ಲಾಗ ತಿರುವ್ಕೋ."